ಜೂನ್‌ಗೆ ಮೊದಲು ಮಗುವಿಗೆ ಏನು ಕಲಿಸಬೇಕು ಟೀಚರ್?

ಕಾಫಿ ಹೂವು ಉದುರಿ ಏಪ್ರಿಲ್ ಬಂತು ಅಂದರೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯ ಒಂದೇ. ಜೂನ್‌ನಲ್ಲಿ ಮಗು ಎಲ್‌ಕೆಜಿಗೆ ಹೋಗುತ್ತದೆ, ಈಗಿನಿಂದ ಏನು ಕಲಿಸಬೇಕು? ಕೆಲವರು ಮಗು ಬರೆದ ಎಬಿಸಿಡಿಯ ಫೋಟೋವನ್ನೂ ಕಳಿಸುತ್ತಾರೆ. ನಾನು 31 ವರ್ಷ ಚಿಕ್ಕ ಮಕ್ಕಳ ಜೊತೆ ಕಳೆದವಳು. ಎಬಿಸಿಡಿ ಬಾರದೆ ಬಂದ ಯಾವ ಮಗುವಿಗೂ ಅದರಿಂದ ಕಷ್ಟವಾದದ್ದನ್ನು ನಾನು ನೋಡಿಲ್ಲ. ಬಾಯಾರಿಕೆ ಆಗಿದೆ ಅಂತ ಹೇಳಲು ಬಾರದೆ, ಚಡ್ಡಿ ಬಿಚ್ಚಲು ಬಾರದೆ, ಅಮ್ಮ ಎಲ್ಲಿಗೆ ಹೋದಳು ಅಂತ ಗೊತ್ತಿಲ್ಲದೆ ಕಷ್ಟಪಟ್ಟ ಮಕ್ಕಳನ್ನು ಮಾತ್ರ ತುಂಬಾ ನೋಡಿದ್ದೇನೆ. ಈ ಸಲದ ಉತ್ತರಗಳೆಲ್ಲ ಸುಮಾರಾಗಿ ಅದರ ಸುತ್ತಲೇ ಇವೆ.

*

ಪ್ರಶ್ನೆ: ಟೀಚರ್, ನಮಸ್ಕಾರ. ಮಗನಿಗೆ ನಾಲ್ಕು ವರ್ಷ ತುಂಬಿತು. ಮನೆಯಲ್ಲಿ ನಾವೆಲ್ಲ ಕೊಡವ ತಕ್ಕ್ ಮಾತಾಡುವುದು. ಅವನಿಗೆ ಕನ್ನಡ ಅಲ್ಪಸ್ವಲ್ಪ ಅರ್ಥ ಆಗುತ್ತದೆ, ಇಂಗ್ಲಿಷ್ ಬರುವುದಿಲ್ಲ. ಸೇರಿಸುತ್ತಿರುವುದು ಇಂಗ್ಲಿಷ್ ಮೀಡಿಯಂ ಶಾಲೆಗೆ. ಇವತ್ತಿನಿಂದಲೇ ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ, ಇಲ್ಲದಿದ್ದರೆ ಹಿಂದೆ ಬೀಳುತ್ತಾನೆ ಅಂತ ನಾದಿನಿ ಹೇಳುತ್ತಿದ್ದಾಳೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಈಗ ಅವರು ಮೊಮ್ಮಗನ ಹತ್ತಿರ ಮಾತಾಡುವುದನ್ನೇ ಕಡಿಮೆ ಮಾಡಿದ್ದಾರೆ. ಏನು ಮಾಡಲಿ?
(ಒಬ್ಬ ತಾಯಿ, ನಾಪೋಕ್ಲು)

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬೇಜಾರಾದದ್ದು ಇಂಗ್ಲಿಷ್ ವಿಷಯಕ್ಕಲ್ಲ, ಅತ್ತೆಯ ವಿಷಯಕ್ಕೆ. ಮೊದಲು ಅವರ ಹತ್ತಿರ ಹೋಗಿ, ನೀವು ಮೊದಲಿನ ಹಾಗೇ ಮಾತಾಡಿ, ಕಥೆ ಹೇಳಿ ಅಂತ ಹೇಳಿ. ಇವತ್ತೇ ಹೇಳಿ.

ನಾಲ್ಕು ವರ್ಷದ ಮಗು ಒಂದು ಭಾಷೆಯಲ್ಲಿ ಚೆನ್ನಾಗಿ ಮಾತಾಡಿದರೆ, ಯಾಕೆ, ಹೇಗೆ ಅಂತ ಕೇಳಿದರೆ, ನಿನ್ನೆ ನಡೆದದ್ದನ್ನು ಇವತ್ತು ಬಿಡಿಸಿ ಹೇಳಿದರೆ, ಅದು ಇನ್ನೊಂದು ಭಾಷೆಯನ್ನೂ ಕಲಿಯುತ್ತದೆ. ಮನೆಮಾತನ್ನು ನಿಲ್ಲಿಸಿ, ನಮಗೇ ಸರಿಯಾಗಿ ಬಾರದ ಭಾಷೆಯಲ್ಲಿ 'ಕಮ್, ಗೋ, ಈಟ್' ಅಂದರೆ ಮಗುವಿಗೆ ದಿನಕ್ಕೆ ಹತ್ತಿಪ್ಪತ್ತು ಪದ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಅಜ್ಜಿಯ ಬಾಯಿಂದ ಸಾವಿರ ಪದ ಬರುತ್ತಿತ್ತು, ಅದೂ ಹೋಯಿತು. ಕೊಡವ ತಕ್ಕ್ ಆಡುವವರು 2011ರ ಜನಗಣತಿಯಲ್ಲಿ 1 ಲಕ್ಷದ 13 ಸಾವಿರ ಚಿಲ್ಲರೆ ಜನ ಅಷ್ಟೇ. ಮನೆಯೊಳಗೂ ಬಿಟ್ಟರೆ ಮಗು ಅದನ್ನು ಬೇರೆ ಎಲ್ಲಿ ಕೇಳಬೇಕು?

ಹಾಗಂತ ನಿಮ್ಮ ಭಯ ಸುಳ್ಳು ಅನ್ನುವುದಿಲ್ಲ. ಒಂದು ಘಟನೆ ಹೇಳುತ್ತೇನೆ. ಮೈಸೂರು ಕಡೆಯಿಂದ ಬಂದ ಹೊಸ ಟೀಚರ್ ಒಬ್ಬರು ನಮ್ಮ ಜೊತೆ ಕೆಲಸಕ್ಕೆ ಸೇರಿದ್ದರು. ತುಂಬಾ ಒಳ್ಳೆಯವರು. ಒಂದು ಹುಡುಗನಿಗೆ ಉಪ್ಪಿಟ್ಟು ತಿನ್ನಿಸಲು ಕೂತಿದ್ದರು. ಅವನು 'ಬೋಂಡ, ಬೋಂಡ' ಅಂತ ಅಳುತ್ತಿದ್ದ. ಪಾಪ, ಇವರು ಎಣ್ಣೆಯಲ್ಲಿ ಕರಿದ ಬೋಂಡ ಕೇಳುತ್ತಿದ್ದಾನೆ ಅಂದುಕೊಂಡು, ನಾಳೆ ತರ್ತೀನಿ, ಈಗ ಇದು ತಿನ್ನು ಅಂತ ಇನ್ನೊಂದು ತುತ್ತು ಬಾಯಿಗಿಟ್ಟರು. ಕೊಡವ ತಕ್ಕ್‌ನಲ್ಲಿ ಬೋಂಡ ಅಂದರೆ ಬೇಡ ಅಂತ ನಿಮಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಬೇಡ ಬೇಡ ಅಂದಷ್ಟೂ ಬಾಯಿಗೆ ತುರುಕಿದರೆ ಆ ಮಗು ಶಾಲೆ ಬಗ್ಗೆ ಏನಂದುಕೊಳ್ಳಬೇಕು? ಅವನು ಮಾರನೇ ದಿನ ಗೇಟಿನ ಒಳಗೆ ಬರಲಿಲ್ಲ.

ಅದಕ್ಕೇ ಇಡೀ ಭಾಷೆ ಬೇಡ, ನಾಲ್ಕೈದು ಮಾತು ಸಾಕು ಅಂತ ನಾನು ಹೇಳುವುದು. ನೀರು ಬೇಕು, ಸುಸ್ಸು ಬಂತು, ಇಲ್ಲಿ ನೋಯ್ತಿದೆ, ನನಗೆ ಬೇಡ, ನನಗೆ ಗೊತ್ತಾಗಲಿಲ್ಲ. ಇಷ್ಟನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್‌ನಲ್ಲಿ ಒಮ್ಮೆ ಆಟದ ಹಾಗೆ ಹೇಳಿಸಿ. ಮನೆಯಲ್ಲಿ ಟೀಚರ್ ಆಟ ಆಡಿ, ನೀವು ಟೀಚರ್ ಆಗಿ, ಅವನು ಬಂದು ಕೇಳಲಿ. ಆಮೇಲೆ ಅವನನ್ನು ಟೀಚರ್ ಮಾಡಿ ನೀವು ಕೇಳಿ. ಜೊತೆಗೆ ಒಂದು ಚೀಟಿಯಲ್ಲಿ ಅವನು ಮನೆಯಲ್ಲಿ ಬಳಸುವ ಏಳೆಂಟು ಪದ ಬರೆದು, ಎದುರಿಗೆ ಅರ್ಥ ಬರೆದು, ಮೊದಲ ದಿನವೇ ಟೀಚರ್ ಕೈಗೆ ಕೊಡಿ. ಅರೆಭಾಷೆ, ಮಲಯಾಳಂ, ಬ್ಯಾರಿ, ಯರವ ಭಾಷೆ, ಯಾವ ಮನೆಯವರಾದರೂ ಸರಿ, ಇದನ್ನು ಮಾಡಬಹುದು. ನಮ್ಮ ಕೊಡಗು ಜಿಲ್ಲೆಯ ಒಂದೊಂದು ತರಗತಿಯಲ್ಲಿ ನಾಲ್ಕು ಮನೆಮಾತು ಇರುವುದು ಮಾಮೂಲಿ, ಚೀಟಿ ಕೊಟ್ಟರೆ ಟೀಚರ್‌ಗೆ ದೊಡ್ಡ ಉಪಕಾರ.

ಇನ್ನೊಂದು ಮಾತು. ಹೊಸ ಭಾಷೆ ಕಿವಿಗೆ ಬಿದ್ದಾಗ ಕೆಲವು ಮಕ್ಕಳು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲ. ಮನೆಗೆ ಬಂದು ಹರಳು ಹುರಿದ ಹಾಗೆ ಮಾತಾಡುತ್ತಿದ್ದರೆ ಹೆದರಬೇಡಿ, ಅದು ಒಳಗೆ ಕೂಡಿಡುತ್ತಿದೆ ಅಂತ ಅರ್ಥ. ಮನೆಯಲ್ಲೂ ಮಾತು ಕಡಿಮೆ, ಕರೆದರೆ ತಿರುಗಿ ನೋಡುವುದಿಲ್ಲ ಅಂತಿದ್ದರೆ ಮಾತ್ರ ಮೊದಲು ಕಿವಿ ಪರೀಕ್ಷೆ ಮಾಡಿಸಿ.

*

ಪ್ರಶ್ನೆ: ಜನವರಿಯಲ್ಲಿ ಮಗಳನ್ನು ಒಂದು ಪ್ಲೇ ಸ್ಕೂಲಿಗೆ ಹಾಕಿದ್ದೆವು. ಎರಡನೇ ದಿನ ಅವಳು ಆಟದ ಸಾಮಾನು ನೋಡುತ್ತಿದ್ದಾಗ ಹಿಂದಿನಿಂದ ಬಂದುಬಿಡಿ ಅಂತ ಅಲ್ಲಿಯವರೇ ಹೇಳಿದರು. ನನ್ನ ಹೆಂಡತಿ ಹಾಗೇ ಬಂದಳು. ಮಗಳು ವಾಂತಿ ಆಗುವವರೆಗೆ ಅತ್ತಳಂತೆ. ಆಮೇಲೆ ಬಿಡಿಸಿದೆವು. ಈಗ ಅಮ್ಮ ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಕೂತಿರುತ್ತಾಳೆ. ಜೂನ್‌ನಲ್ಲಿ ಎಲ್‌ಕೆಜಿ. ಹೇಗೆ ಕಳಿಸುವುದು?
(ಒಬ್ಬ ಅಪ್ಪ, ಕುಶಾಲನಗರ)

ಉತ್ತರ: ನಿಮ್ಮ ಹೆಂಡತಿಯನ್ನು ಯಾರೂ ಬೈಯಬೇಡಿ. ನಾನೂ ಅದನ್ನೇ ಮಾಡಿದ್ದೆ. ನನ್ನ ಮಗನಿಗೆ ಮೂರೂವರೆ ವರ್ಷ, ನನಗೆ ಬೇರೆ ಊರಿನಲ್ಲಿ ಕೆಲಸ, ಒಂದು ಶಿಶುವಿಹಾರದಲ್ಲಿ ಬಿಟ್ಟು, ಅವನು ಜಾರುಬಂಡೆ ಹತ್ತುತ್ತಿದ್ದಾಗ ನೋಡಿ ಬಸ್ಸಿಗೆ ಓಡಿದೆ. ಸಾಯಂಕಾಲ ಬಂದಾಗ ಅವನು ಅಳುತ್ತಿರಲಿಲ್ಲ. ಸುಮ್ನೆ ಗೇಟು ನೋಡುತ್ತಾ ಕೂತಿದ್ದ. ಅದಾಗಿ ಎಷ್ಟೋ ತಿಂಗಳು ಅವನು ನನ್ನ ಸೀರೆ ಸೆರಗು ಹಿಡಿಯದೆ ಆಟ ಆಡಲಿಲ್ಲ, ಯಾಕೆಂದರೆ ಆಟದಲ್ಲಿ ಮೈಮರೆತರೆ ಅಮ್ಮ ಮಾಯವಾಗುತ್ತಾಳೆ ಅಂತ ನಾನೇ ಅವನಿಗೆ ಕಲಿಸಿದ್ದೆ. ಇತರರ ಮಕ್ಕಳಿಗೆ ಪಾಠ ಮಾಡುವ ನನಗೆ ಇದು ಅರ್ಥವಾಗಲು ಅಷ್ಟು ದಿನ ಬೇಕಾಯಿತು.

ಕದ್ದು ಬಂದರೆ ನಮಗೆ ಆ ಹೊತ್ತಿನ ಅಳು ತಪ್ಪುತ್ತದೆ. ಮಗುವಿಗೆ ಇಡೀ ದಿನದ ಕಾವಲು ಶುರುವಾಗುತ್ತದೆ. ನಿಮ್ಮ ಮಗಳು ಬಚ್ಚಲ ಬಾಗಿಲಲ್ಲಿ ಕೂರುವುದು ಅದೇ ಕಾವಲು.

ಕಾಫಿ ನರ್ಸರಿ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಬುಟ್ಟಿಗೆ ಹಾಕಿದ ಸಸಿಯ ಮೇಲಿನ ನೆರಳನ್ನು ಒಂದೇ ದಿನ ಕಿತ್ತು ಹಾಕುತ್ತೇವಾ? ಸ್ವಲ್ಪ ಸ್ವಲ್ಪ ತೆಗೆದು, ಬಿಸಿಲು ಅಭ್ಯಾಸ ಮಾಡಿಸಿ, ಜೂನ್ ಮಳೆಗೆ ತೋಟಕ್ಕೆ ಇಳಿಸುತ್ತೇವೆ. ನಿಮಗೆ ಇನ್ನೂ ಒಂದೂವರೆ ತಿಂಗಳು ಇದೆ. ನಾಳೆಯಿಂದಲೇ ಅಮ್ಮ ಹೇಳಿಯೇ ಹೊರಗೆ ಹೋಗಲಿ. ಮೊದಲು ಐದು ನಿಮಿಷ, ಅಂಗಡಿಗೆ ಹೋಗಿ ಹಾಲು ತರುವಷ್ಟು. 'ನಾನು ಹೋಗಿ ಹಾಲು ತರ್ತೀನಿ, ನೀನು ಅಜ್ಜಿ ಜೊತೆ ಇರು' ಅಂತ ಕಣ್ಣು ನೋಡಿ ಹೇಳಿ, ಅತ್ತರೂ ಹೋಗಿ, ಹೇಳಿದ ಹಾಗೆ ಬರಲಿ. ಆಮೇಲೆ ಅರ್ಧ ಗಂಟೆ. ಆಮೇಲೆ ಚಿಕ್ಕಮ್ಮನ ಮನೆಯಲ್ಲಿ ಒಂದು ಬೆಳಿಗ್ಗೆ. ಗಂಟೆ ಹೇಳಬೇಡಿ, ನಾಲ್ಕು ವರ್ಷದ ಮಗುವಿಗೆ ಹನ್ನೆರಡೂವರೆ ಅಂದರೆ ಏನು? 'ನೀನು ಊಟ ಮಾಡಿ ಕೈ ತೊಳೆಯುವಾಗ ಬರ್ತೀನಿ' ಅನ್ನಿ. ಹಾಗೆ ಹೇಳಿದ ಮೇಲೆ ಕೈ ತೊಳೆಯುವಾಗ ಅಲ್ಲಿ ಇರಲೇಬೇಕು. ಮಂಜು ಇತ್ತು, ರಸ್ತೆಯಲ್ಲಿ ಮರ ಬಿದ್ದಿತ್ತು ಅನ್ನುವುದು ದೊಡ್ಡವರಿಗೆ ಕಾರಣ, ಮಗುವಿಗೆ ಅಲ್ಲ. ಹತ್ತು ನಿಮಿಷ ಮುಂಚೆಯೇ ಹೊರಡಿ.

ರಜೆಯಲ್ಲಿ ಒಂದೆರಡು ಸಲ ಆ ಶಾಲೆಯ ಅಂಗಳಕ್ಕೆ ಕರೆದುಕೊಂಡು ಹೋಗಿ. ನಲ್ಲಿ ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ, ಚಪ್ಪಲಿ ಎಲ್ಲಿ ಬಿಡುವುದು, ಇಷ್ಟು ತೋರಿಸಿ ಬನ್ನಿ. ಶಾಲೆ ಶುರುವಾದ ಮೇಲೆ ಬಿಡಲು ದಿನಾ ಒಬ್ಬರೇ ಹೋಗಿ. ನಿಮ್ಮ ಮನೆಯಲ್ಲಿ ಮೊದಲ ವಾರ ಅಪ್ಪನೇ ಬಿಟ್ಟರೆ ಒಳ್ಳೆಯದು ಅಂತ ನನಗೆ ಅನಿಸುತ್ತದೆ, ಯಾಕೆಂದರೆ ಅವಳ ಭಯ ಇರುವುದು ಅಮ್ಮ ಬಿಟ್ಟು ಹೋಗುತ್ತಾಳೆ ಅಂತ. ಒಂದು ಅಪ್ಪುಗೆ, ಒಂದು ಮಾತು, ಟಾಟಾ, ಅಷ್ಟೇ. ಬಾಗಿಲವರೆಗೆ ಹೋಗಿ ತಿರುಗಿ ಬಂದು ಇನ್ನೊಮ್ಮೆ ಮುದ್ದು ಮಾಡಿದರೆ ಅಳು ಎರಡು ಪಟ್ಟು ಆಗುತ್ತದೆ. ಅಮ್ಮನ ಕರ್ಚೀಫೋ ಹಳೇ ದುಪಟ್ಟಾದ ತುಂಡೋ ಬ್ಯಾಗಿನಲ್ಲಿ ಇರಲಿ. ಇದನ್ನು ಟೀಚರ್‌ಗೂ ಮೊದಲೇ ಹೇಳಿ, ಜನವರಿಯಲ್ಲಿ ನಡೆದದ್ದನ್ನೂ ಮುಚ್ಚಿಡದೆ ಹೇಳಿ. 'ಹಿಂದಿನಿಂದ ಹೋಗಿ' ಅಂತ ಈ ಸಲವೂ ಯಾರಾದರೂ ಅಂದರೆ, ಇಲ್ಲ, ಹೇಳಿಯೇ ಹೋಗ್ತೀವಿ ಅಂತ ಗಟ್ಟಿಯಾಗಿ ನಿಲ್ಲಿ.

ಹೆಚ್ಚಿನ ಮಕ್ಕಳು ಎರಡು ಮೂರು ವಾರದಲ್ಲಿ ಹೊಂದಿಕೊಳ್ಳುತ್ತವೆ. ಆದರೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಂದರೆ ಉಂಟು. ಜೂನ್‌ನಲ್ಲಿ ಅತ್ತು ಅತ್ತು ಹೊಂದಿಕೊಂಡ ಮಗುವಿಗೆ ಜುಲೈನಲ್ಲಿ ಮಳೆ ಜಾಸ್ತಿ ಅಂತ ಜಿಲ್ಲಾಧಿಕಾರಿ ನಾಲ್ಕು ದಿನ ರಜೆ ಕೊಡುತ್ತಾರೆ. ಐದನೇ ದಿನ ಮತ್ತೆ ಮೊದಲ ದಿನದ ಅಳು. ತಂದೆತಾಯಿ ಸೋತುಹೋಗುವುದು ಇಲ್ಲೇ. ಹಾಗಾಗುತ್ತದೆ ಅಂತ ಮೊದಲೇ ಗೊತ್ತಿರಲಿ. ಮಳೆ ರಜೆಯಲ್ಲೂ ಅದೇ ಹೊತ್ತಿಗೆ ಎಬ್ಬಿಸಿ, ಸ್ನಾನ ಮಾಡಿಸಿ, ಟಿಫಿನ್ ಡಬ್ಬಿಯಲ್ಲೇ ತಿಂಡಿ ಕೊಡಿ. ಎರಡನೇ ಸಲದ ಅಳು ಎರಡೇ ದಿನಕ್ಕೆ ಮುಗಿಯುತ್ತದೆ.

ಇದು ನಿಮಗಲ್ಲ, ಎಲ್ಲರಿಗೂ: 'ಊಟ ಮಾಡದಿದ್ರೆ ಟೀಚರ್‌ಗೆ ಹೇಳ್ತೀನಿ', 'ಗಲಾಟೆ ಮಾಡಿದ್ರೆ ಶಾಲೆಗೆ ಹಾಕಿಬಿಡ್ತೀನಿ' ಅಂತ ದಯವಿಟ್ಟು ಹೇಳಬೇಡಿ. ಎರಡು ವರ್ಷದಿಂದ ಶಾಲೆಯನ್ನು ಗುಮ್ಮ ಮಾಡಿಟ್ಟು, ಆಮೇಲೆ ಒಂದು ಬೆಳಿಗ್ಗೆ ಹೊಸ ಬಟ್ಟೆ ಹಾಕಿಸಿ ಆ ಗುಮ್ಮನ ಹತ್ತಿರವೇ ಬಿಟ್ಟು ಬಂದರೆ ಮಗು ಅಳದೆ ಏನು ಮಾಡುತ್ತದೆ?

*

ಪ್ರಶ್ನೆ: ಮಗನಿಗೆ ಮೂರು ವರ್ಷ ಹತ್ತು ತಿಂಗಳು. ಇನ್ನೂ ಡಯಾಪರ್ ಬಿಟ್ಟಿಲ್ಲ. ಶಾಲೆಯವರು ಡಯಾಪರ್ ಹಾಕಿ ಕಳಿಸಬೇಡಿ ಅಂದಿದ್ದಾರೆ. ಮನೆಯಲ್ಲಿ ಕಮೋಡ್ ಇದೆ, ಅಲ್ಲಿ ಇಂಡಿಯನ್ ಟಾಯ್ಲೆಟ್.
(ಗೋಣಿಕೊಪ್ಪಲು)

ಉತ್ತರ: ಈಗ ಬೇಸಿಗೆ, ಬಟ್ಟೆ ಬೇಗ ಒಣಗುತ್ತದೆ. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಜೂನ್‌ನಲ್ಲಿ ಚಳಿಗೆ ಮಕ್ಕಳಿಗೆ ಸುಸ್ಸು ಜಾಸ್ತಿ, ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ.

ಹಗಲು ಡಯಾಪರ್ ಪೂರ್ತಿ ತೆಗೆಯಿರಿ. ಎದ್ದ ತಕ್ಷಣ, ತಿಂಡಿ ಆದ ಮೇಲೆ, ಹೊರಗೆ ಹೋಗುವ ಮೊದಲು, ಹೀಗೆ ಹೊತ್ತು ನೋಡಿ ಕರೆದುಕೊಂಡು ಹೋಗಿ. ನಾಲ್ಕು ದಿನ ನೆಲ ಒರೆಸುವುದು ಇದ್ದೇ ಇದೆ, ಬೈಯಬೇಡಿ, ನೆಂಟರ ಮುಂದೆ ಹೇಳಿ ನಗಬೇಡಿ. ಬೈದರೆ ಮಗು ಕಟ್ಟಿ ಹಿಡಿಯಲು ಶುರು ಮಾಡುತ್ತದೆ, ಆಮೇಲೆ ಮಲಬದ್ಧತೆ, ನೋವು, ಹೆದರಿಕೆ ಎಲ್ಲ ಸಾಲಾಗಿ ಬರುತ್ತದೆ. ಕುಕ್ಕರುಗಾಲಿನಲ್ಲಿ ಕೂರುವುದನ್ನು ಅಂಗಳದಲ್ಲಿ ಕಪ್ಪೆ ಆಟ ಆಡಿಸಿ ಅಭ್ಯಾಸ ಮಾಡಿಸಿ. ಇಂಡಿಯನ್ ಟಾಯ್ಲೆಟ್ ಇರುವ ನೆಂಟರ ಮನೆಗೆ ಹೋದಾಗ ಒಮ್ಮೆ ಕೂರಿಸಿ, ಒಳಗೆ ಬೀಳ್ತೀನಿ ಅನ್ನುವ ಭಯ ತುಂಬಾ ಮಕ್ಕಳಿಗೆ ಇರುತ್ತದೆ. ಬೆಲ್ಟ್, ಜಿಪ್ಪು, ಹುಕ್ಕು ಯಾವುದೂ ಬೇಡ, ಎಲಾಸ್ಟಿಕ್ ಚಡ್ಡಿ ಹೊಲಿಸಿ. ಯೂನಿಫಾರ್ಮಿನಲ್ಲಿ ಹುಕ್ಕು ಇದ್ದರೆ ಟೈಲರ್ ಹತ್ತಿರ ಕೊಟ್ಟು ಬದಲಾಯಿಸಿ. ರಾತ್ರಿಯದು ನಿಧಾನ ಆಗುತ್ತದೆ, ಅದಕ್ಕೆ ಶಾಲೆಯ ಅವಸರ ಇಲ್ಲ.

ಚಡ್ಡಿ ಬಿಚ್ಚಲು, ತೊಳೆಯಲು ಯಾರು ಸಹಾಯ ಮಾಡಬಹುದು, ಯಾರು ಮುಟ್ಟಬಾರದು, ಯಾರಾದರೂ ಮುಟ್ಟಿ 'ಹೇಳಬೇಡ' ಅಂದರೆ ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕು, ಇದನ್ನೂ ಇದೇ ಹೊತ್ತಿನಲ್ಲಿ ಸ್ನಾನ ಮಾಡಿಸುತ್ತಾ ಮಾಮೂಲಿ ಮಾತಿನ ಹಾಗೆ ಹೇಳಿ. ಹೆದರಿಸಿ ಹೇಳಬೇಡಿ. ಮಕ್ಕಳ ಸಹಾಯವಾಣಿ 1098 ಅಂತ ನೀವು ನೆನಪಿಟ್ಟುಕೊಂಡಿರಿ.

*

ಪ್ರಶ್ನೆ: ನಾನು ಸಿದ್ದಾಪುರದ ಹತ್ತಿರ ತೋಟದ ಲೈನ್ ಮನೆಯಲ್ಲಿ ಇರುವವಳು. ಇದನ್ನು ಪಕ್ಕದ ಮನೆ ಹುಡುಗಿ ಹತ್ತಿರ ಬರೆಸುತ್ತಿದ್ದೇನೆ. ಮಗಳಿಗೆ ಮೂರೂವರೆ ವರ್ಷ. ಗಂಡ ಸಾಲ ಮಾಡಿಯಾದರೂ ವ್ಯಾನ್ ಬರುವ ಇಂಗ್ಲಿಷ್ ಶಾಲೆಗೆ ಹಾಕೋಣ ಅನ್ನುತ್ತಾರೆ. ಅಂಗನವಾಡಿ ಹತ್ತಿರವೇ ಇದೆ. ಅಲ್ಲಿ ಬರೀ ಊಟ ಕೊಟ್ಟು ಮಲಗಿಸುತ್ತಾರೆ ಅಂತ ಜನ ಹೇಳುತ್ತಾರೆ. ಮಗಳಿಗೆ ನನ್ನಿಂದ ಅನ್ಯಾಯ ಆಗಬಾರದು ಟೀಚರಮ್ಮ.

ಉತ್ತರ: ತಾಯಿ, ಬರೆಸಿ ಕಳಿಸಿದ್ದಕ್ಕೆ ತುಂಬಾ ಸಂತೋಷ. ಸಾಲ ಮಾಡಬೇಡಿ. ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ.

ಅಂಗನವಾಡಿ ಅನ್ನುವುದು ಊಟದ ಜಾಗ ಮಾತ್ರ ಅಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರಿನ ಟಿ. ನರಸೀಪುರಕ್ಕೆ. ಆಗಿನಿಂದಲೂ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲೆಗೆ ಮುಂಚಿನ ಕಲಿಕೆ ಅದರ ಕೆಲಸಗಳಲ್ಲಿ ಒಂದು. ಹಾಡು, ಕಥೆ, ಬಣ್ಣ, ಎಣಿಕೆ, ಸಾಲಿನಲ್ಲಿ ನಿಲ್ಲುವುದು, ಹಂಚಿ ತಿನ್ನುವುದು. ಅದರ ಜೊತೆ ಊಟ, ಹಾಲು, ಮೊಟ್ಟೆ, ತೂಕ ನೋಡುವುದು, ಜಂತುಹುಳದ ಮಾತ್ರೆ. ಮೂರೂವರೆ ವರ್ಷದ ಮಗುವಿಗೆ ಕಲಿಕೆ ಅಂದರೆ ಇದೇ. ವ್ಯಾನಿನಲ್ಲಿ ತಿರುವು ರಸ್ತೆಯಲ್ಲಿ ಒಂದು ಗಂಟೆ ಕೂತು, ವಾಂತಿ ಮಾಡಿಕೊಂಡು ಹೋಗಿ ಬೆಂಚಿನಲ್ಲಿ ಕೂತು ಎಬಿಸಿಡಿ ತಿದ್ದುವುದಕ್ಕಿಂತ ಇದು ಕಡಿಮೆ ಅಂತ ನನಗೆ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಆದರೆ ಎಲ್ಲ ಅಂಗನವಾಡಿಯೂ ಒಂದೇ ಥರ ಇರುವುದಿಲ್ಲ, ಅದೂ ನಿಜ. ಜನರ ಮಾತು ಬಿಡಿ, ನೀವೇ ಒಂದು ದಿನ ಕೆಲಸಕ್ಕೆ ಅರ್ಧ ದಿನ ರಜೆ ಹೇಳಿ ಹೋಗಿ ಅಲ್ಲಿ ಕೂತು ನೋಡಿ. ಟೀಚರ್ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ? ಹಾಡು ಹೇಳಿಸುತ್ತಾರಾ? ಟಾಯ್ಲೆಟ್‌ನಲ್ಲಿ ನೀರು ಇದೆಯಾ? ಅಳುವ ಮಗುವನ್ನು ಎತ್ತಿಕೊಳ್ಳುತ್ತಾರಾ? ಇಷ್ಟು ಇದ್ದರೆ ಧೈರ್ಯವಾಗಿ ಬಿಡಿ. ಇಲ್ಲದಿದ್ದರೆ ಇನ್ನಿಬ್ಬರು ತಾಯಂದಿರ ಜೊತೆ ಹೋಗಿ ಟೀಚರ್ ಹತ್ತಿರ ಕೇಳಿ. ಕೇಳುವುದು ನಿಮ್ಮ ಹಕ್ಕು, ಅಲ್ಲಿ ಯಾರೂ ನಿಮಗೆ ದಾನ ಕೊಡುತ್ತಿಲ್ಲ. ಮುಂದೆ ಎಲ್‌ಕೆಜಿ ಬೇಕು ಅನಿಸಿದರೆ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಇವೆ, ನಿಮ್ಮ ಹತ್ತಿರ ಯಾವುದು ಇದೆ ಅಂತ ವಿಚಾರಿಸಿ.

ನಿಮ್ಮ ಕಡೆ ಆನೆ ಓಡಾಟ ಜಾಸ್ತಿ. ಹತ್ತಿರ ಅಂತ ದೊಡ್ಡ ಮಕ್ಕಳ ಜೊತೆ ಮಗುವನ್ನು ನಡೆಸಿ ಕಳಿಸಬೇಡಿ. ನಾಲ್ಕು ಮನೆಯವರು ಸೇರಿ ಒಂದೊಂದು ದಿನ ಒಬ್ಬರು ದೊಡ್ಡವರು ಕರೆದುಕೊಂಡು ಹೋಗುವ ಹಾಗೆ ಮಾಡಿಕೊಳ್ಳಿ, ಕಾಫಿ ಕೊಯ್ಲಿನ ಸಮಯದಲ್ಲಂತೂ ಇದನ್ನು ಮೇಸ್ತ್ರಿ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಆ ಪತ್ರ ಬರೆದ ಹುಡುಗಿಯ ಅಕ್ಷರ ತುಂಬಾ ಚೆನ್ನಾಗಿದೆ ಅಂತ ಅವಳಿಗೆ ಹೇಳಿ. ದಿನಾ ಸಾಯಂಕಾಲ ಹತ್ತು ನಿಮಿಷ ನಿಮ್ಮ ಮಗಳಿಗೆ ಕಥೆ ಓದಿ ಹೇಳ್ತೀಯಾ ಅಂತಲೂ ಕೇಳಿ.

*

ಪ್ರಶ್ನೆ: ಮಗಳು ಆಗಸ್ಟ್‌ಗೆ ನಾಲ್ಕು ತುಂಬುತ್ತಾಳೆ. ತುಂಬಾ ಚುರುಕು. ಈ ಜೂನ್‌ಗೇ ಎಲ್‌ಕೆಜಿಗೆ ಹಾಕಬಹುದಾ? ಒಂದು ವರ್ಷ ಸುಮ್ನೆ ಹಾಳಾಗುತ್ತದೆ.
(ಸೋಮವಾರಪೇಟೆ)

ಉತ್ತರ: ಜೂನ್ 1ಕ್ಕೆ ಎಲ್‌ಕೆಜಿಗೆ 4, ಯುಕೆಜಿಗೆ 5, ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು ಅನ್ನುವುದು ನಮ್ಮ ರಾಜ್ಯದ ನಿಯಮ. 2025-26ಕ್ಕೆ ಒಂದನೇ ತರಗತಿಗೆ 5 ವರ್ಷ 5 ತಿಂಗಳು ಅಂತ ಒಂದು ಸಲಕ್ಕೆ ಸಡಿಲ ಮಾಡಿದ್ದರು. ಅಂಥದ್ದನ್ನು ನಂಬಿಕೊಂಡು ಈಗ ಸೇರಿಸಿದರೆ ಎರಡು ವರ್ಷ ಆದ ಮೇಲೆ ಅದೇ ಯುಕೆಜಿಯಲ್ಲಿ ಇನ್ನೊಂದು ವರ್ಷ ಕೂರಿಸಬೇಕಾಗಬಹುದು, ಗೆಳತಿಯರೆಲ್ಲ ಮುಂದೆ ಹೋಗಿರುತ್ತಾರೆ. ಹಾಗಾಗಿ ಈ ವರ್ಷ ನರ್ಸರಿಯೋ ಅಂಗನವಾಡಿಯೋ ಸಾಕು. ವರ್ಷ ಹಾಳಾಗುವುದಿಲ್ಲ. ಚುರುಕು ಮಗುವಿಗೂ ಮೈ ಬೆಳೆಯಲು ಅಷ್ಟೇ ದಿನ ಬೇಕು. ಜನನ ಪ್ರಮಾಣ ಪತ್ರದಲ್ಲೂ ಆಧಾರ್‌ನಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ಅಂತ ಈ ಬಿಡುವಿನಲ್ಲಿ ನೋಡಿಕೊಳ್ಳಿ. ತಾಯಿ ಕಾರ್ಡ್ ತೆಗೆದು ಲಸಿಕೆ ಯಾವುದೂ ಬಾಕಿ ಇಲ್ಲ ಅಂತಲೂ ನೋಡಿ, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಲಸಿಕೆಯ ಎರಡನೇ ಬೂಸ್ಟರ್ 5ರಿಂದ 6 ವರ್ಷದೊಳಗೆ ಆಗಬೇಕು.

*

ಪ್ರಶ್ನೆ: ಪೆನ್ಸಿಲ್ ಹಿಡಿಯಲು ಒಪ್ಪುವುದಿಲ್ಲ, ಮೊಬೈಲ್ ಮಾತ್ರ ಬೇಕು, ಟಿಫಿನ್ ತಾನೇ ತಿನ್ನುವುದಿಲ್ಲ.
(ಮೂರ್ನಾಡು, ವಿರಾಜಪೇಟೆ, ಶನಿವಾರಸಂತೆಯಿಂದ ಬಂದ ಮೂರು ಪತ್ರಗಳನ್ನು ಸೇರಿಸಿದ್ದೇನೆ)

ಉತ್ತರ: ಮೂರಕ್ಕೂ ಮದ್ದು ಅಡುಗೆಮನೆಯಲ್ಲಿದೆ.

ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ನಾಲ್ಕು ವರ್ಷಕ್ಕೆ ಅದರಲ್ಲಿ ಅರ್ಧದಷ್ಟು ಇನ್ನೂ ಗಟ್ಟಿ ಮೂಳೆ ಆಗಿರುವುದಿಲ್ಲ. ಬೆರಳಿಗೂ ಅಷ್ಟು ಬಲ ಬಂದಿರುವುದಿಲ್ಲ. ಆ ಕೈಯಲ್ಲಿ ಗೆರೆಯ ಮಧ್ಯೆ ಒಂದು ಪುಟ 'ಎ' ಬರೆ ಅಂದರೆ ನೋಯುತ್ತದೆ, ಹಟ ಅಲ್ಲ ಅದು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ಮಾಡುವಾಗ ಒಂದು ಹಿಡಿ ಹಿಟ್ಟು ಅವರಿಗೂ ಕೊಟ್ಟು ಉಂಡೆ ಕಟ್ಟಿಸಿ. ಅಕ್ಕಿ ರೊಟ್ಟಿ ತಟ್ಟಿಸಿ. ಕಿತ್ತಳೆ ಸಿಪ್ಪೆ ಸುಲಿಯಲಿ, ಅವರೆಕಾಯಿ ಬಿಡಿಸಲಿ, ಕಣದಲ್ಲಿ ಬಿದ್ದ ಕಾಫಿ ಬೀಜ ಎರಡು ಬೆರಳಲ್ಲಿ ಹೆಕ್ಕಿ ಡಬ್ಬಿಗೆ ಹಾಕಲಿ. ಬೇಕಿದ್ದರೆ ಇದ್ದಿಲಿನಲ್ಲಿ ಅಂಗಳದ ತುಂಬ ಗೀಚಲಿ. ಈ ಕೈ ಗಟ್ಟಿಯಾದರೆ ಪೆನ್ಸಿಲ್ ತಾನಾಗಿ ಬರುತ್ತದೆ. ಕಿಂಡರ್‌ಗಾರ್ಟನ್ ಅನ್ನುವ ಹೆಸರನ್ನು 1840ರಲ್ಲಿ ಇಟ್ಟವರು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. ಮಕ್ಕಳ ತೋಟ ಅಂತ ಅದರ ಅರ್ಥ. ಅವರು ಮಕ್ಕಳ ಕೈಗೆ ಕೊಟ್ಟದ್ದು ಉಣ್ಣೆಯ ಚೆಂಡು, ಮರದ ತುಂಡು, ಹಾಡು, ತೋಟದ ಕೆಲಸ. ಅಲ್ಲಿಂದ ಶುರುವಾದದ್ದು ನಮ್ಮಲ್ಲಿ ಹೋಂವರ್ಕ್ ಬುಕ್ ಆಗಿದೆ ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಮೊಬೈಲ್ ವಿಷಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ದಾಟಬಾರದು, ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೆಯದು. ನಿದ್ದೆ 10ರಿಂದ 13 ಗಂಟೆ ಬೇಕು. ಬೆಳಿಗ್ಗೆ ಏಳಕ್ಕೆ ಏಳಬೇಕಾದ ಮಗು ರಾತ್ರಿ ಎಂಟೂವರೆ ಒಂಬತ್ತಕ್ಕೆ ಮಲಗಬೇಕು, ಅದನ್ನು ಮೇ ತಿಂಗಳಲ್ಲೇ ವಾರಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ತನ್ನಿ. ಮದುವೆ ಮನೆಗಳಿಂದ ನಡುರಾತ್ರಿ ಬರುವುದನ್ನು ಈ ಒಂದು ವರ್ಷ ಸ್ವಲ್ಪ ಕಡಿಮೆ ಮಾಡಬಹುದಲ್ವಾ.

ಟಿಫಿನ್: ಇವತ್ತಿನಿಂದ ಬೆಳಗಿನ ತಿಂಡಿ ತಟ್ಟೆಯಲ್ಲಿ ಬೇಡ, ಅದೇ ಡಬ್ಬಿಯಲ್ಲಿ ಹಾಕಿ ಕೊಡಿ. ಮುಚ್ಚಳ ಮಗುವೇ ತೆಗೆಯಲಿ. ತೆಗೆಯಲು ಆಗದ ಡಬ್ಬಿ ಎಷ್ಟು ಚಂದ ಇದ್ದರೂ ಬೇಡ. ನೀರಿನ ಬಾಟಲಿಯೂ ಅಷ್ಟೇ. ಕೈಯಲ್ಲಿ ಎತ್ತಿ ತಿನ್ನುವಂಥದ್ದು ಹಾಕಿ, ಪುಟ್ಟ ಕಡಂಬುಟ್ಟು, ಚೂರು ಮಾಡಿದ ಪಾಪುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ತಿಂಡಿ), ಸುರುಳಿ ಸುತ್ತಿದ ರೊಟ್ಟಿ. ಅರ್ಧ ತಿಂದರೆ ಅರ್ಧ ತಿಂದಿತು, ಓಡಿ ಹೋಗಿ ಬಾಯಿಗಿಡಬೇಡಿ.

*

ಪ್ರಶ್ನೆ: ನಾನು ಅಜ್ಜಿ, ಮಕ್ಕಂದೂರು ಕಡೆಯವಳು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಾವು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವರು. ಮೊಮ್ಮಗ ಹುಟ್ಟಿದ್ದು ಆಮೇಲೆ. ಆದರೂ ಜೋರು ಮಳೆ ಬಂದರೆ ನನ್ನ ಹಾಗೇ ಅವನೂ ಕಿವಿ ಮುಚ್ಚಿಕೊಂಡು ಕೂರುತ್ತಾನೆ. ಮಳೆಗಾಲದಲ್ಲೇ ಶಾಲೆ ಶುರು. ನನಗೇ ಕಳಿಸಲು ಧೈರ್ಯ ಬರುತ್ತಿಲ್ಲ.

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಭಯಕ್ಕೆ ಕಾರಣ ಇದೆ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಮಗು ಗುಡ್ಡ ಜರಿದದ್ದನ್ನು ನೋಡಿಲ್ಲ, ಮಳೆ ಬಂದಾಗ ನಿಮ್ಮ ಮುಖವನ್ನು ನೋಡಿದೆ. ಭಯ ಇಲ್ಲ ಅಂತ ಅವನ ಮುಂದೆ ನಟಿಸುವುದೂ ಬೇಡ, ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ. 'ಅಜ್ಜಿಗೆ ಜೋರು ಮಳೆ ಅಂದ್ರೆ ಸ್ವಲ್ಪ ಹೆದರಿಕೆ, ಅದಕ್ಕೇ ನಾವು ಏನೇನು ಮಾಡಿಟ್ಟಿದ್ದೀವಿ ನೋಡು' ಅಂತ ತೋರಿಸಿ. ಟಾರ್ಚ್ ಇಲ್ಲಿದೆ, ಬ್ಯಾಗ್ ಇಲ್ಲಿದೆ, ಮಳೆ ಜಾಸ್ತಿ ಆದರೆ ನಾವು ಇಂಥವರ ಮನೆಗೆ ಹೋಗ್ತೀವಿ, ಶಾಲೆಯಲ್ಲಿ ಇದ್ದರೆ ಅಪ್ಪ ಬಂದು ಕರೆದುಕೊಂಡು ಹೋಗ್ತಾರೆ. ಏನು ಮಾಡಬೇಕು ಅಂತ ಗೊತ್ತಿದ್ದರೆ ಮಗುವಿಗೆ ಎಷ್ಟೋ ಸಮಾಧಾನ.

ಮೇ ತಿಂಗಳ ಸಣ್ಣ ಮಳೆಯಲ್ಲಿ ಅವನನ್ನು ಹೊರಗೆ ಕರೆದುಕೊಂಡು ಹೋಗಿ. ಹೊಸ ಕೋಟು, ಗಂ ಬೂಟು ಹಾಕಿಸಿ ನೀರಲ್ಲಿ ಹಾರಲಿ. ಹೆಂಚಿನ ಮೇಲೆ ಬೀಳುವ ಸದ್ದು, ಕೆಸುವಿನ ಎಲೆ ಮೇಲೆ ಬೀಳುವ ಸದ್ದು, ಎರಡನ್ನೂ ಕೇಳಿಸಿ. ಕೋಟಿನ ಗುಂಡಿ ಹಾಕುವುದನ್ನು ಅವನಿಗೇ ಕಲಿಸಿ. ಶಾಲೆಯ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಜೊತೆ ಬಟ್ಟೆ, ಎರಡು ಜೊತೆ ಸಾಕ್ಸ್ ಯಾವಾಗಲೂ ಇರಲಿ. ಒದ್ದೆ ಕಾಲಿನಲ್ಲಿ ಇಡೀ ದಿನ ಕೂತ ಮಗು ಮಳೆಯನ್ನೂ ಶಾಲೆಯನ್ನೂ ಒಟ್ಟಿಗೆ ದ್ವೇಷಿಸುತ್ತದೆ. ಜಿಗಣೆ ಹತ್ತಿದರೆ ಕಿರುಚದೆ ಟೀಚರ್‌ಗೆ ತೋರಿಸಬೇಕು ಅಂತಲೂ ಹೇಳಿಡಿ.

ಸೇರಿಸುವ ಮೊದಲು ನೀವೇ ಮಗನ ಜೊತೆ ಶಾಲೆಗೆ ಹೋಗಿ. ಕಟ್ಟಡದ ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದೆಯಾ, ಅದಕ್ಕೆ ತಡೆಗೋಡೆ ಉಂಟಾ, ಮಳೆ ಜೋರಾದರೆ ಮಕ್ಕಳನ್ನು ಯಾವ ಕೋಣೆಯಲ್ಲಿ ಕೂರಿಸುತ್ತಾರೆ, ಮಧ್ಯಾಹ್ನವೇ ಬಿಡುವುದಾದರೆ ಮನೆಗೆ ಯಾರು ತಿಳಿಸುತ್ತಾರೆ, ಎಲ್ಲ ಕೇಳಿ. ಸಂಕೋಚ ಬೇಡ. ಅಷ್ಟು ಕಂಡವರು ನೀವು, ನಿಮಗಿಂತ ಸರಿಯಾಗಿ ಕೇಳುವವರು ಯಾರಿದ್ದಾರೆ? ಟೀಚರ್ ನಂಬರನ್ನು ಮಗನ ಫೋನಿನಲ್ಲಿ ಮಾತ್ರ ಅಲ್ಲ, ನಿಮ್ಮ ಫೋನಿನಲ್ಲೂ ಹಾಕಿಸಿಕೊಳ್ಳಿ. ಜೋರು ಮಳೆ ಬಂದ ದಿನ ಒಮ್ಮೆ ಫೋನ್ ಮಾಡಿ ಮೊಮ್ಮಗ ಏನು ಮಾಡುತ್ತಿದ್ದಾನೆ ಅಂತ ಕೇಳುತ್ತೇನೆ ಅಂತ ಅವರಿಗೆ ಮೊದಲೇ ಹೇಳಿಬಿಡಿ.